ದಾರಿ ಹೇಳುವ ಪುಸ್ತಕ

ಕಳೆದ ಕಾರ್ತಿಕದಲ್ಲಿ ಐದಾರು ಮಂದಿ ವಿದ್ಯಾರ್ಥಿಗಳೊಡನೆ ನೀಲಗುಂದದ ಭೀಮೇಶ್ವರ ದೇವಾಲಯವನ್ನು ನೋಡಲು ಹೋಗಿದ್ದೆ. ಕಲ್ಯಾಣದ ಚಾಳುಕ್ಯರ ಕಾಲದ ಆ ಗುಡಿಯ ಕುಸುರಿಯನ್ನು ಕಣ್ತುಂಬ ನೋಡಿ, ಹೊರಗೆ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದಾಗ ಅವರಲ್ಲೊಬ್ಬನು ಕೇಳಿದನು: “ಸರ್, ಇಲ್ಲಿಂದ ಬಾಗಳಿಗೆ ಕಾಲುದಾರಿಯಲ್ಲಿ ಹೋಗಬಹುದೆ? ಅಲ್ಲಿಂದ ಕುರುವತ್ತಿಗೆ ನಡೆದು, ಹೊಳೆಗಿಳಿದು, ಮೈಲಾರದ ಕಡೆಗೆ ದೋಣಿಯಲ್ಲಿ ಸಾಗಿದರೆ ಹೇಗೆ? ಇದಕ್ಕೆಲ್ಲ ದಾರಿ ತಿಳಿಸುವ ಪುಸ್ತಕ ಯಾವುದಾದರೂ ಇದೆಯೆ?”

ಹುಡುಗನು ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ಕಯಾಕ್ ನಡೆಸಿ ಬಂದಿದ್ದನು. ಹುಟ್ಟು ಹಾಕುವ ಹುಮ್ಮಸ್ಸು ಇನ್ನೂ ಅವನ ತೋಳುಗಳಲ್ಲಿತ್ತು. ನಾನಾದರೋ ಪುಸ್ತಕವಿದೆಯೆ ಎಂದು ಯಾರಾದರೂ ಕೇಳಿದರೆ ಇಲ್ಲವೆನ್ನುವುದು ನಮ್ಮ ವೃತ್ತಿಗೇ ಕುಂದು ಎಂದು ತಿಳಿದವನು. ಆದರೂ ಇಲ್ಲವೆನ್ನಬೇಕಾಯಿತು. ನನ್ನ ಕಪಾಟಿನಲ್ಲಿ ಅಂಥದೊಂದು ಪುಸ್ತಕವಿರಲಿಲ್ಲ. ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿದೆ, ಅಲ್ಲಿಯೂ ಇರಲಿಲ್ಲ.

ಕನ್ನಡದಲ್ಲಿ ಪ್ರವಾಸಸಾಹಿತ್ಯಕ್ಕೆ ಬಡತನವಿದೆಯೆಂದು ಯಾರೂ ಹೇಳಲಾರರು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ ನಮ್ಮ ನೆರೆಯ ಹಂಪೆಯನ್ನೇ ಕುರಿತದ್ದು. ಶಿವರಾಮ ಕಾರಂತರು ‘ಅಬೂವಿಂದ ಬರಾಮಕ್ಕೆ’ ಬರೆದರು. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅಧ್ಯಾಪಕರಾದವರೆಲ್ಲ ಅಸೂಯೆಪಡಬೇಕಾದ ಪುಸ್ತಕ. ಆದರೆ ಇವನ್ನು ಕೈಯಲ್ಲಿ ಹಿಡಿದು ಯಾರೂ ಕವಲುದಾರಿಯಲ್ಲಿ ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂದು ನಿರ್ಣಯಿಸಲಾರರು. ಅದು ಆ ಪುಸ್ತಕಗಳ ದೋಷವೇನೂ ಅಲ್ಲ. ಅವುಗಳ ಉದ್ದೇಶವೇ ಬೇರೆ. ಪ್ರವಾಸಕಥನದಲ್ಲಿ ದಾರಿಯು ಲೇಖಕನಿಗಾಗಿ ಇರುತ್ತದೆ. ಕೈಪಿಡಿಯಲ್ಲಿ ಲೇಖಕನು ದಾರಿಗಾಗಿ ಇರುತ್ತಾನೆ. ಪ್ರವಾಸಕಥನವು ಸ್ವಲ್ಪ ಬಣ್ಣ ಕಟ್ಟಿ ಹೇಳಿದರೆ ಓದುಗನಿಗೆ ನಷ್ಟವಿಲ್ಲ, ಒಂದು ವೇಳೆ ಲಾಭವೇ ಆದೀತು. ಕೈಪಿಡಿಯು ಬಣ್ಣ ಕಟ್ಟಿದರೆ ಓದುಗನು ಕತ್ತಲಾಗುವ ಹೊತ್ತಿಗೆ ಕಾರೆಮುಳ್ಳಿನ ನಡುವೆ ನಿಂತಿರುತ್ತಾನೆ.

ನಮ್ಮ ಸೀಮೆಯನ್ನು ಕುರಿತು ಕೈಪಿಡಿಯ ಜಾತಿಗೆ ಹತ್ತಿರವಾದ ಪುಸ್ತಕಗಳು ಇಂಗ್ಲಿಷಿನಲ್ಲಿ ಉಂಟು. ಅಲೆಗ್ಸಾಂಡರ್ ರೀ ಎಂಬ ಪುರಾತತ್ತ್ವಜ್ಞನು ೧೮೯೬ರಲ್ಲಿ ಚಾಳುಕ್ಯ ವಾಸ್ತುಶಿಲ್ಪವನ್ನು ಕುರಿತ ತನ್ನ ಗ್ರಂಥದಲ್ಲಿ ಬಳ್ಳಾರಿ ಜಿಲ್ಲೆಯ ಗುಡಿಗಳನ್ನು ಅಳೆದು ಚಿತ್ರಿಸಿದನು. ಬಾಗಳಿ, ಕುರುವತ್ತಿ, ಮಾಗಳಗಳೊಡನೆ ನೀಲಗುಂದವೂ ಅದರಲ್ಲಿ ಸೇರಿದೆ. ೧೯೦೪ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ ಬಳ್ಳಾರಿ ಗೆಜೆಟಿಯರಿನ ಕೊನೆಯಲ್ಲಿ ತಾಲ್ಲೂಕುವಾರು ಊರುಗಳ ವರ್ಣನೆಯಿದೆ. ೧೯೧೭ರಲ್ಲಿ ಲಾಂಗ್‌ಹರ್ಸ್ಟನು ಹಂಪೆಯ ಅವಶೇಷಗಳನ್ನು ಕುರಿತು ಬರೆದ ಪುಸ್ತಕವಂತೂ ನೋಡುವವನ ಕೈಹಿಡಿದು ನಡೆಸಬಲ್ಲುದು. ಇವರೆಲ್ಲ ಶ್ರಮಜೀವಿಗಳು, ಅವರ ಋಣ ನಮ್ಮ ಮೇಲಿದೆ. ಆದರೆ ಆಗ ಬಳ್ಳಾರಿಯು ಮದ್ರಾಸು ಆಧಿಪತ್ಯಕ್ಕೆ ಸೇರಿತ್ತು. ಆ ಪುಸ್ತಕಗಳು ಕಣ್ಣ ಮುಂದೆ ಇಟ್ಟುಕೊಂಡದ್ದು ಅಧಿಕಾರಿಯನ್ನು, ವಿದ್ವಾಂಸನನ್ನು, ಹಂಪೆಗೆ ಬರುವ ದೊರೆಗಳನ್ನು. ಬುತ್ತಿ ಕಟ್ಟಿಕೊಂಡು ಹೊರಡುವ ಕನ್ನಡ ಶಾಲೆಯ ಹುಡುಗನನ್ನಲ್ಲ.

ಅಲ್ಲದೆ, ಹಳೆಯ ಪುಸ್ತಕವನ್ನು ನಂಬಿ ಹೊರಟವನಿಗೆ ಇಲ್ಲಿ ಇನ್ನೊಂದು ತೊಡಕುಂಟು. ಈ ಸೀಮೆಯು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ಬಳ್ಳಾರಿಯನ್ನು ಬಿಟ್ಟು ದಾವಣಗೆರೆ ಜಿಲ್ಲೆಯಾಯಿತು. ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನೀಲಗುಂದದ ಭೀಮೇಶ್ವರನು ಕುಳಿತಲ್ಲಿಂದ ಕದಲದೆ ಕಾಲು ಶತಮಾನದೊಳಗೆ ಮೂರು ಜಿಲ್ಲೆಗಳ ಹೆಸರನ್ನು ಹೊತ್ತನು. ಊರಿನ ವಿಳಾಸ ಬದಲಾಗುತ್ತದೆ, ಊರಿಗೆ ಹೋಗುವ ಹಳ್ಳದ ದಾರಿ ಬದಲಾಗುವುದಿಲ್ಲ. ಕೈಪಿಡಿ ಬರೆಯುವವನು ಯಾವುದನ್ನು ಹಿಡಿಯಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಪುಸ್ತಕವಿಲ್ಲದಿದ್ದರೇನು, ನಕ್ಷೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ನಕ್ಷೆ ಇದೆ, ಅದೂ ಬಹಳ ಉತ್ತಮವಾದ ನಕ್ಷೆ. ೧೭೬೭ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಹಾಳೆಗಳನ್ನು ಬಿಡಿಸಿ ನೋಡುವುದು ಒಂದು ಕಾವ್ಯವನ್ನು ಓದಿದಷ್ಟೇ ಸುಖ. ನೆಲದ ಅರ್ಧ ಕಿಲೋಮೀಟರು ಕಾಗದದ ಮೇಲೆ ಒಂದು ಸೆಂಟಿಮೀಟರು. ಸಮೋನ್ನತಿ ರೇಖೆಗಳು ಒತ್ತಾಗಿ ಬಂದಲ್ಲಿ ಗುಡ್ಡವು ಕಡಿದು. ಬಿಡಿಬಿಡಿಯಾಗಿ ಹರಡಿದಲ್ಲಿ ಇಳಿಜಾರು ಮೆಲ್ಲಗೆ. ಕೆರೆ, ಬಾವಿ, ಗುಡಿ, ಬಂಡಿದಾರಿ, ಕಾಲುದಾರಿ, ಒಂದೊಂದಕ್ಕೂ ಒಂದೊಂದು ಗುರುತು. ಆದರೆ ನಮ್ಮ ಸೀಮೆಯವನಿಗೆ ಅದರಲ್ಲೊಂದು ವಿನೋದವಿದೆ. ೧೫ ಡಿಗ್ರಿ ಅಕ್ಷಾಂಶವೂ ೭೬ ಡಿಗ್ರಿ ರೇಖಾಂಶವೂ ಒಂದನ್ನೊಂದು ದಾಟುವುದು ಹೂವಿನಹಡಗಲಿಯ ಸಮೀಪದಲ್ಲಿಯೇ. ಹಳೆಯ ಕ್ರಮದ ನಕ್ಷೆಗಳಲ್ಲಿ ನಾಲ್ಕು ಹಾಳೆಗಳ ಮೂಲೆಗಳು ಅಲ್ಲಿ ಬಂದು ಕೂಡುತ್ತವೆ. ಹೀಗಾಗಿ ಹಡಗಲಿ ೪೮ ಎಂ ಎಂಬ ಹಾಳೆಯ ಪಾಲು, ನೀಲಗುಂದ ೪೮ ಎನ್ ಹಾಳೆಯ ಪಾಲು, ಹಗರಿಬೊಮ್ಮನಹಳ್ಳಿ ೫೭ ಎ, ಕೊಟ್ಟೂರು ೫೭ ಬಿ. ಒಂದೇ ಸಂತೆಗೆ ಬಂದು ಒಂದೇ ಜಾತ್ರೆಯಲ್ಲಿ ಕಲೆಯುವ ಜನರ ನೆಲವನ್ನು ಒಟ್ಟಿಗೆ ನೋಡಬೇಕಾದರೆ ನಾಲ್ಕು ಹಾಳೆಗಳನ್ನು ನೆಲದ ಮೇಲೆ ಹಾಸಿ ಅಂಚಿಗೆ ಅಂಚು ಕೂಡಿಸಬೇಕು. ನಕ್ಷೆಗೆ ಡಿಗ್ರಿಯ ಲೆಕ್ಕ. ಸೀಮೆಯ ಲೆಕ್ಕ ಅದಕ್ಕೆ ತಿಳಿಯದು. ಹಾಳೆಗಳನ್ನು ಕೂಡಿಸುವ ಕೆಲಸ ಯಾವಾಗಲೂ ಆ ನೆಲದವನದೇ.

ಈಗ ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಫೋನು ಇರುವುದರಿಂದ ಹಾಳೆ ಕೂಡಿಸುವ ಕಷ್ಟವೂ ತಪ್ಪಿದೆ. ನನ್ನ ವಿದ್ಯಾರ್ಥಿಯೂ ಅದನ್ನೇ ನಂಬಿದನು. ಹದಿನೈದು ದಿನಗಳ ಮೇಲೆ ಗಾಳಿ ತುಂಬುವ ರಬ್ಬರಿನ ದೋಣಿಯೊಂದನ್ನು ತರಿಸಿ, ನನ್ನನ್ನೂ ಒಪ್ಪಿಸಿ, ಕುರುವತ್ತಿಯ ಬಳಿ ತುಂಗಭದ್ರೆಯ ದಡಕ್ಕೆ ಕರೆದೊಯ್ದನು. ಮಲ್ಲಿಕಾರ್ಜುನನ ಗುಡಿಯನ್ನು ನೋಡಿಕೊಂಡು ಹೊಳೆಗೆ ಇಳಿದೆವು. ಫೋನಿನಲ್ಲಿ ಹೊಳೆಯು ನೀಲಿಯ ಗೆರೆಯಾಗಿ, ನುಣುಪಾಗಿ, ಬಡಗಣ ದಿಕ್ಕಿಗೆ ಹರಿಯುತ್ತಿತ್ತು. ಕಣ್ಣ ಮುಂದಿನ ಹೊಳೆಯೂ ಶಾಂತವಾಗಿಯೇ ಇತ್ತು. ದೋಣಿಗೆ ಗಾಳಿ ಊದುತ್ತಿರುವಾಗ ದಡದ ಮೇಲೆ ತನ್ನ ಹರಿಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ ಹಿರಿಯ ಅಂಬಿಗನೊಬ್ಬನು ಎದ್ದು ಬಂದನು. ಎಲ್ಲಿಗೆ ಎಂದು ಕೇಳಿದನು. ಹುಡುಗನು ಫೋನನ್ನು ತೋರಿಸಿ ವಿವರಿಸಿದನು. ಅಜ್ಜನು ಅದನ್ನು ಕಣ್ಣು ಕಿರಿದುಮಾಡಿ ನೋಡಿ, ನನ್ನ ಕಡೆ ತಿರುಗಿ ಹೇಳಿದನು:

“ಮೇಷ್ಟ್ರ, ಇದ್ರಾಗ ಹೊಳಿ ಐತಿ, ಖರೆ. ಹೊಳ್ಯಾಗ ನೀರೆಷ್ಟೈತಿ ಅಂತ ಐತೇನು?”

ಇರಲಿಲ್ಲ. ನೀಲಿಯ ಗೆರೆಯು ವೈಶಾಖದಲ್ಲಿಯೂ ಅಷ್ಟೇ ನೀಲಿ, ಶ್ರಾವಣದಲ್ಲಿಯೂ ಅಷ್ಟೇ ನೀಲಿ. ಮೇಲೆ ತುಂಗೆಗೆ ಗಾಜನೂರಿನಲ್ಲೊಂದು ಕಟ್ಟೆ, ಭದ್ರೆಗೊಂದು ಅಣೆಕಟ್ಟು. ಅಲ್ಲಿ ನೀರು ಬಿಟ್ಟರೆ ಕೂಡಲಿಯ ಸಂಗಮವನ್ನು ದಾಟಿ ಇಲ್ಲಿಗೆ ಬರುವಾಗ ಇಲ್ಲಿ ಮಳೆಯ ಹನಿಯೂ ಇರುವುದಿಲ್ಲ. ಅದಕ್ಕಿಂತ ಭಯಂಕರವಾದದ್ದನ್ನು ಅಜ್ಜನು ಆಮೇಲೆ ಹೇಳಿದನು. ಮರಳು ತೆಗೆದು ತೆಗೆದು ಹೊಳೆಯ ಪಾತ್ರದಲ್ಲಿ ಹೊಂಡಗಳು ಬಿದ್ದಿವೆ. ಹೋದ ವರ್ಷ ಮೊಣಕಾಲುದ್ದ ನೀರಿದ್ದಲ್ಲಿ ಈ ವರ್ಷ ಎರಡಾಳು ನೀರು. ಮೇಲಿನಿಂದ ನೋಡಿದರೆ ಎರಡೂ ಒಂದೇ. ದೋಣಿ ಮಗುಚಿದರೆ ನಿಂತುಕೊಂಡೇವು ಎಂಬ ಧೈರ್ಯದಿಂದ ಇಳಿದವರು ನಿಲ್ಲಲಾರದೆ ಹೋಗುತ್ತಾರೆ. “ಬ್ಯಾಡ ತಮ್ಮಾ. ಇವತ್ತು ಬ್ಯಾಡ” ಎಂದು ಹುಡುಗನ ಭುಜದ ಮೇಲೆ ಕೈಯಿಟ್ಟನು.

ಬಳಿಕ ಒಂದು ಕಡ್ಡಿಯನ್ನು ತೆಗೆದುಕೊಂಡು ಒದ್ದೆ ಮರಳಿನ ಮೇಲೆ ಹೊಳೆಯನ್ನು ಬರೆದನು. ಇಲ್ಲಿ ಮಡು, ಇಲ್ಲಿ ಸುಳಿ, ಇಲ್ಲಿ ನೀರಿನಡಿಯ ಬಂಡೆ, ಇಲ್ಲಿ ಬೇಸಿಗೆಯಲ್ಲಿ ದನ ದಾಟುವ ಜಾಗ, ಇಲ್ಲಿ ಹೊಸ ಹೊಂಡ. ಒಂದೊಂದು ಬಂಡೆಗೂ ಒಂದು ಹೆಸರಿತ್ತು; ಆ ಹೆಸರುಗಳು ಫೋನಿನಲ್ಲಿಯೂ ಇರಲಿಲ್ಲ, ನನ್ನ ನಾಲ್ಕು ಹಾಳೆಗಳಲ್ಲಿಯೂ ಇರಲಿಲ್ಲ. ನಾನು ಜೋಳಿಗೆಯಿಂದ ಹಾಜರಿ ಪುಸ್ತಕವನ್ನು ತೆಗೆದು ಅದರ ಹಿಂಬದಿಯಲ್ಲಿ ಆ ನಕ್ಷೆಯನ್ನು ನಕಲು ಮಾಡಿಕೊಂಡೆ. “ನಿಮ್ಮ ಮಕ್ಕಳಿಗೆ ಇದೆಲ್ಲ ಗೊತ್ತೇ ಅಜ್ಜಾ?” ಎಂದು ಕೇಳಿದೆ. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾನಂತೆ. ಮೊಮ್ಮಗನಿಗೆ ಈಜು ಬಾರದಂತೆ. ಸೇತುವೆಗಳಾದ ಮೇಲೆ ಹರಿಗೋಲಿಗೆ ಗಿರಾಕಿಗಳಿಲ್ಲ, ಮೀನಿಗಾಗಿ ಇಟ್ಟುಕೊಂಡಿದ್ದಾನಂತೆ.

ಈ ಹರಿಗೋಲು ಸಾಮಾನ್ಯವಾದದ್ದಲ್ಲ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಯಸನು ಆನೆಗೊಂದಿಯ ಬಳಿ ಇದನ್ನು ನೋಡಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುವ ಶಕ್ತಿ, ನೇರವಾಗಿ ಸಾಗಲಾರದೆ ಸುತ್ತುತ್ತಲೇ ದಾಟುವ ನಡೆ. ರಾಬರ್ಟ್ ಸಿವೆಲ್ ಆ ಬರಹವನ್ನು ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಐನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ಕೂ ಡಾಂಬರೂ ಬಂದಿವೆ. ಬುಟ್ಟಿ ಅದೇ, ಸುತ್ತು ಅದೇ. ಪರದೇಶದವನು ದೋಣಿಯನ್ನು ವರ್ಣಿಸಿದನು. ಆದರೆ ಆ ದೋಣಿಯನ್ನು ಯಾವ ಬಂಡೆಯ ಎಡಕ್ಕೆ ತಿರುಗಿಸಬೇಕೆಂಬುದನ್ನು ಬರೆದಿಡುವುದು ನಮ್ಮ ಪಾಲಿಗೆ ಉಳಿದ ಕೆಲಸ. ಅದನ್ನು ನಾವು ಮರಳಿನ ಮೇಲೆಯೇ ಬಿಟ್ಟಿದ್ದೇವೆ. ಮುಂದಿನ ನೀರು ಬಂದಾಗ ಅಳಿಸಿಹೋಗುತ್ತದೆ.

ಹಾಗೆಂದು ಬರೆದಿಡುವ ಅಭ್ಯಾಸ ಕನ್ನಡಿಗರಿಗೆ ಹೊಸದೇನಲ್ಲ. ನಮಗೆ ದೊರೆತ ಮೊದಲ ಗ್ರಂಥದ ಹೆಸರಿನಲ್ಲಿಯೇ ‘ಮಾರ್ಗ’ವಿದೆ. ‘ಕವಿರಾಜಮಾರ್ಗ’ವು ಕಾವೇರಿ ಗೋದಾವರಿಗಳ ನಡುವೆ ನಾಡನ್ನು ಗುರುತಿಸುತ್ತದೆ, ತಿರುಳ್ಗನ್ನಡದ ನೆಲಕ್ಕೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳನ್ನು ಗಡಿಕಲ್ಲುಗಳಂತೆ ನೆಡುತ್ತದೆ. ಅವುಗಳಲ್ಲಿ ಕೊಪಣವೂ ಪುಲಿಗೆರೆಯೂ, ಎಂದರೆ ಇಂದಿನ ಕೊಪ್ಪಳ ಲಕ್ಷ್ಮೇಶ್ವರಗಳು, ನಮ್ಮ ಹೊಳೆಯ ಆಚೆಯ ದಡದ ಸೀಮೆಯವೇ. ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವ ಭಾಗವನ್ನಾದರೂ ನೋಡಿರಿ. ಬಿರುದಾವಳಿಯ ಸಾಲುಗಳನ್ನು ಮೆಚ್ಚುವ ನಾವು ಅದನ್ನು ಸಾಮಾನ್ಯವಾಗಿ ಹಾರಿಸಿ ಓದುತ್ತೇವೆ. ಮೂಡಲು ಇಂಥ ಕಲ್ಲು, ತೆಂಕಲು ಇಂಥ ಹಳ್ಳ, ಪಡುವಲು ಹುಣಿಸೆಯ ಮರ, ಬಡಗಲು ಕೆರೆಯ ಕೋಡಿ ಎಂದು ಶಾಸನದ ಕವಿ ನಡೆಯುತ್ತ ಹೋಗುತ್ತಾನೆ. ಅದು ಕಾಲಿನಿಂದ ಬರೆದ ಗದ್ಯ. ತಪ್ಪಿದರೆ ಒಬ್ಬನ ಹೊಲ ಇನ್ನೊಬ್ಬನ ಪಾಲಾಗುವುದೆಂಬ ಎಚ್ಚರಿಕೆ ಅದರ ಒಂದೊಂದು ಪದದಲ್ಲಿಯೂ ಇದೆ.

ನಡಿಗೆಯೂ ಈ ನೆಲಕ್ಕೆ ಹೊಸದಲ್ಲ. ಭಾರತ ಹುಣ್ಣಿಮೆಗೆ ಮೈಲಾರಕ್ಕೆ, ರಥೋತ್ಸವಕ್ಕೆ ಕೊಟ್ಟೂರಿಗೆ, ಹರಕೆ ಹೊತ್ತು ಉಚ್ಚಂಗಿದುರ್ಗಕ್ಕೆ ಜನರು ನಡೆದೇ ಬರುತ್ತಾರೆ. ದಾವಣಗೆರೆಯ ಕಡೆಯಿಂದ ಕೊಟ್ಟೂರೇಶ್ವರನ ಪಾದಯಾತ್ರೆಗೆ ಹೊರಟವರಿಗೆ ಯಾವ ಮರದಡಿ ನೆರಳಿದೆ, ಯಾವ ಊರಿನವರು ಅನ್ನ ನೀರು ಕೊಡುತ್ತಾರೆ, ಎಲ್ಲಿ ಅಡ್ಡದಾರಿ ಹಿಡಿದರೆ ಎರಡು ಹರದಾರಿ ಉಳಿಯುತ್ತದೆ ಎಂಬುದೆಲ್ಲ ಬಾಯಿಪಾಠ. ನಮ್ಮಲ್ಲಿ ಕೈಪಿಡಿ ಇಲ್ಲವೆಂದಲ್ಲ, ಅದು ಬಾಯಲ್ಲಿದೆ. ಬಾಯಿಯು ಮುಪ್ಪಾಗುತ್ತಿದೆ.

ಹಾಗಾದರೆ ಇದನ್ನು ಯಾರು ಬರೆಯಬೇಕು? ದೊಡ್ಡ ಸಂಸ್ಥೆಗಳೇ ಬೇಕೆಂದು ನನಗೆ ತೋರುವುದಿಲ್ಲ. ಇಂಗ್ಲೆಂಡಿನ ಕೆಂಡಲ್ ಎಂಬ ಊರಿನ ಪುರಸಭೆಯಲ್ಲಿ ಆಲ್ಫ್ರೆಡ್ ವೇನ್‌ರೈಟ್ ಎಂಬ ಖಜಾಂಚಿ ಇದ್ದನು. ವಾರವೆಲ್ಲ ಲೆಕ್ಕಪತ್ರ, ರಜೆಯ ದಿನ ಬಸ್ಸು ಹತ್ತಿ ಸರೋವರ ಸೀಮೆಯ ಬೆಟ್ಟಗಳಿಗೆ ಪಯಣ. ೧೯೫೨ರಲ್ಲಿ ಆರಂಭಿಸಿ ಹದಿಮೂರು ವರ್ಷಗಳಲ್ಲಿ ೨೧೪ ಬೆಟ್ಟಗಳನ್ನು ಹತ್ತಿ, ಒಂದೊಂದರ ದಾರಿಯನ್ನೂ ತನ್ನ ಕೈಯಿಂದ ಚಿತ್ರಿಸಿ, ಅಚ್ಚಿನ ಮೊಳೆಯನ್ನೂ ಒಲ್ಲದೆ ಕೈಬರಹದಲ್ಲಿಯೇ ಏಳು ಸಂಪುಟಗಳನ್ನು ೧೯೫೫ರಿಂದ ೧೯೬೬ರೊಳಗೆ ಹೊರತಂದನು. ಮೊದಲ ಸಂಪುಟವನ್ನು ಆ ದೇಶದ ಸರ್ವೇ ಇಲಾಖೆಯ ನೌಕರರಿಗೆ ಅರ್ಪಿಸಿದನೆಂಬುದು ಅವನ ಸೌಜನ್ಯ. ನಕ್ಷೆಯು ಇಲಾಖೆಯದು; ಗೋಡೆಯ ಯಾವ ಸಂದಿಯಲ್ಲಿ ನುಸುಳಬೇಕೆಂಬ ಮಾತು ಅವನದು. ಅವನು ತೀರಿಕೊಂಡ ಮೇಲೂ ಇತರರು ಆ ದಾರಿಗಳನ್ನು ಮತ್ತೆ ನಡೆದು ಪುಸ್ತಕಗಳನ್ನು ತಿದ್ದಿದ್ದಾರೆ. ತಿದ್ದಲು ಅವಕಾಶವಿರುವುದೇ ಇಂಥ ಪುಸ್ತಕದ ಆಯುಸ್ಸು.

ಮಾದರಿಗಾಗಿ ಅಷ್ಟು ದೂರ ಹೋಗದೆಯೂ ನಡೆದೀತು. ೧೭೯೯ರಲ್ಲಿ ಟೀಪುವಿನ ಪತನದ ತರುವಾಯ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ, ಮುಂದೆ ೧೮೧೫ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವನು, ಸರಪಳಿ ಎಳೆದು ಸುಮ್ಮನಾಗಲಿಲ್ಲ. ಕಾವಲಿ ಸೋದರರಂಥ ದೇಶೀಯ ಸಹಾಯಕರ ಮೂಲಕ ಊರೂರಿನ ಹಿರಿಯರಿಂದ ಕೈಫಿಯತ್ತುಗಳನ್ನು ಬರೆಸಿಕೊಂಡನು. ಅವನ ಉದ್ದೇಶ ಕಂಪನಿಯ ಉದ್ದೇಶವೇ ಆಗಿರಬಹುದು; ಆದರೂ ನೆಲದ ಅಳತೆಯೂ ಜನರ ಮಾತೂ ಒಂದೇ ಕಟ್ಟಿನಲ್ಲಿ ಉಳಿದವು. ಆ ಕನ್ನಡ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದಿವೆ. ನಮಗೆ ಬೇಕಾದ ಕೈಪಿಡಿಯೂ ಹೀಗೆಯೇ ಅರ್ಧ ನಕ್ಷೆ, ಅರ್ಧ ಕೈಫಿಯತ್ತು ಆಗಿರಬೇಕು.

ದಾರಿ ತೋರಿಸಿದರೆ ಜನರು ಮುತ್ತಿ ಜಾಗವನ್ನು ಹಾಳುಮಾಡುವುದಿಲ್ಲವೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದು, ಅರಣ್ಯ ಇಲಾಖೆಯು ಚಾರಣಗಳನ್ನೇ ಕೆಲವು ಕಾಲ ನಿಲ್ಲಿಸಿ, ಮುಂಗಡ ನೋಂದಣಿಯ ಕಟ್ಟಳೆಯನ್ನು ತರಬೇಕಾಯಿತು. ಆದರೆ ಆ ಜನರನ್ನು ಅಲ್ಲಿಗೆ ಎಳೆದದ್ದು ಕೈಪಿಡಿಯಲ್ಲ, ಚಿತ್ರ. ಚಿತ್ರವು “ಬಾ” ಎನ್ನುತ್ತದೆ, ಅಷ್ಟೆ. ಒಳ್ಳೆಯ ಕೈಪಿಡಿಯು ಯಾವಾಗ ಬರಬೇಡ, ಎಷ್ಟು ಮಂದಿ ಬರಬೇಡಿ, ಎಲ್ಲಿ ಕಾಲಿಡಬೇಡ ಎಂಬುದನ್ನೂ ಹೇಳುತ್ತದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಲ್ಲುಗುಡ್ಡಗಳು ಕರಡಿಗಳ ಧಾಮ. ಮುಂಜಾನೆ ಮುಸ್ಸಂಜೆ ಅಲ್ಲಿ ಮನುಷ್ಯನಿಗೆ ಕೆಲಸವಿಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ೨೦೨೪ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಹಕ್ಕಿಗಳು ಗೂಡುಕಟ್ಟಿರುವಾಗ ಅಲ್ಲಿ ದೋಣಿಯ ವಿಚಾರ ಎತ್ತಲೇಬಾರದು. ಇದನ್ನು ಹೇಳದ ಪುಸ್ತಕವು ದಾರಿ ಹೇಳುವ ಪುಸ್ತಕವಲ್ಲ, ದಾರಿ ತಪ್ಪಿಸುವ ಪುಸ್ತಕ.

ನನ್ನ ಹಾಜರಿ ಪುಸ್ತಕದ ಹಿಂಬದಿಯ ಆ ನಕ್ಷೆಯನ್ನು ಹುಡುಗರು ಈಗ ಬೇರೊಂದು ದೊಡ್ಡ ನೋಟುಪುಸ್ತಕಕ್ಕೆ ಎತ್ತಿಕೊಂಡಿದ್ದಾರೆ. ಎರಡನೆಯ ಪುಟದಲ್ಲಿ ನೀಲಗುಂದದಿಂದ ಬಾಗಳಿಯ ಕಡೆಯ ಕಾಲುದಾರಿ ಅರ್ಧಕ್ಕೆ ನಿಂತಿದೆ. ಅಲ್ಲಿಯವರೆಗೆ ಮಾತ್ರ ಅವರು ನಡೆದಿದ್ದಾರೆ, ನಡೆಯದ್ದನ್ನು ಬರೆಯಕೂಡದೆಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದಾರೆ. ರಬ್ಬರಿನ ದೋಣಿ ಇನ್ನೂ ನೀರು ಕಂಡಿಲ್ಲ. ಬೇಸಿಗೆಯಲ್ಲಿ ನೀರಿಳಿದ ಮೇಲೆ ಬರಬೇಕೆಂದೂ, ಬರುವಾಗ ಮೊಮ್ಮಗನಿಗೆ ಈಜು ಕಲಿಸಬಲ್ಲವನೊಬ್ಬನನ್ನು ಕರೆತರಬೇಕೆಂದೂ ಅಜ್ಜನು ಹೇಳಿ ಕಳುಹಿಸಿದ್ದಾನೆ. ಹೊಳೆಯ ಪುಟದ ಮೇಲ್ಗಡೆ ಹುಡುಗರು ಇಸವಿ ತಿಂಗಳುಗಳನ್ನು ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಾರೆ: ‘ಇಳಿಯುವ ಮುನ್ನ ದಡದಲ್ಲಿರುವವರನ್ನು ಕೇಳಿರಿ.’ ಇಷ್ಟು ಚಿಕ್ಕ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪುಟವನ್ನು ನಾನು ಬರೆದುಕೊಡಲಾರೆ.